ಮೇಲಿನ ಮಹಡಿಗೆ ಏರಿದ ಹೊಗೆ: ಒಂದು ಬಾರ್ ಅಂಡ್ ರೆಸ್ಟೋರೆಂಟಿನ ಪ್ರಕರಣ

ಇದು ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ತಾಲ್ಲೂಕು ಪಟ್ಟಣದಲ್ಲಿ ನಡೆದದ್ದು. ಯಾವ ಹೋಟೆಲು, ಯಾರ ಹೋಟೆಲು ಅಂತ ಗುರುತು ಸಿಗಬಾರದು. ಅದಕ್ಕೆ ಹೆಸರುಗಳನ್ನು ಬಿಟ್ಟಿದ್ದೇನೆ, ಕೆಲವು ವಿವರ ಬದಲಿಸಿದ್ದೇನೆ. ನಾನು ಎಸಿ, ಎಕ್ಸಾಸ್ಟ್, ಡಕ್ಟ್ ಕೆಲಸ ಮಾಡಿಸುವವನು. ಅವರು ನನ್ನನ್ನು ಕರೆದದ್ದು ಹೊಗೆ ತೆಗೆಯುವ ಮಿಷನ್ ಕೂರಿಸೋಕೆ. ಆ ಮಿಷನ್ ಕೊನೆಗೂ ಬರಲಿಲ್ಲ. ಯಾಕೆ ಬರಲಿಲ್ಲ ಅನ್ನುವುದೇ ಈ ಬರಹ.

ಹಿನ್ನೆಲೆ

ಮುಖ್ಯರಸ್ತೆಯಲ್ಲಿ ಎರಡು ಮಹಡಿಯ ಕಟ್ಟಡ. ಕೆಳಗೆ ಬಾರ್, ಮೇಲೆ ಎಸಿ ಹಾಕಿದ ಫ್ಯಾಮಿಲಿ ಸೆಕ್ಷನ್. ಎರಡಕ್ಕೂ ನಡುವೆ ಬಾಗಿಲಿಲ್ಲದ ಮೆಟ್ಟಿಲು. ಅಡುಗೆಮನೆ ಕೆಳಗೆ, ಹಿಂಭಾಗದಲ್ಲಿ. ಈ ಮೆಟ್ಟಿಲನ್ನು ನೆನಪಿಟ್ಟುಕೊಳ್ಳಿ, ಕಥೆಯೆಲ್ಲ ಅಲ್ಲೇ ಇದೆ.

ಗಿರಾಕಿಗಳಲ್ಲಿ ರೇಷ್ಮೆ ಬೆಳೆಗಾರರು, ಗೂಡಿನಿಂದ ನೂಲು ತೆಗೆಯುವ ರೀಲರ್‌ಗಳು, ತರಕಾರಿ ವ್ಯಾಪಾರಿಗಳು, ಲಾರಿಯವರು ಜಾಸ್ತಿ. ಗೂಡು ಮಾರಿ ದುಡ್ಡು ಕೈಗೆ ಬಂದ ದಿನ ಕೆಳಗಿನ ಟೇಬಲ್‌ಗಳೆಲ್ಲ ಭರ್ತಿ. ಭಾನುವಾರ ಮೇಲೆ ಕುಟುಂಬಗಳು ಬರುತ್ತವೆ. ನಂದಿ ಬೆಟ್ಟಕ್ಕೆ ಹೋಗಿ ವಾಪಸ್ ಬರುವವರೂ ಇರುತ್ತಾರೆ.

ಕೆಳಗೆ ಎಲ್ಲರೂ ಸಿಗರೇಟು, ಬೀಡಿ ಸೇದುತ್ತಿದ್ದರು. ಟೇಬಲ್ಲಿಗೊಂದು ಆಷ್ ಟ್ರೇ. ಕೌಂಟರಿನಲ್ಲಿ ಬಿಡಿ ಸಿಗರೇಟು, ಪಕ್ಕದಲ್ಲೇ ಬೆಂಕಿಪೊಟ್ಟಣ. ‘ಧೂಮಪಾನ ನಿಷೇಧಿಸಲಾಗಿದೆ’ ಅನ್ನುವ ಬೋರ್ಡೂ ಇತ್ತು! ಅಂಗೈ ಅಗಲದ ಸ್ಟಿಕರ್, ಕ್ಯಾಲೆಂಡರಿನ ಹಿಂದೆ ಅರ್ಧ ಮುಚ್ಚಿಕೊಂಡಿತ್ತು. ನಿಯಮದ ಪ್ರಕಾರ ಬೋರ್ಡು ಬಾಗಿಲಲ್ಲೇ ಇರಬೇಕು. ಕನಿಷ್ಠ 60 ಸೆಂಟಿಮೀಟರ್‌ಗೆ 30 ಸೆಂಟಿಮೀಟರ್ ಅಳತೆ ಇರಬೇಕು. ಯಾರಿಗೆ ದೂರು ಕೊಡಬೇಕು ಅನ್ನುವ ಹೆಸರೂ ಕಾಣಬೇಕು. ಆಷ್ ಟ್ರೇ, ಬೆಂಕಿಪೊಟ್ಟಣ, ಲೈಟರ್ ಕೊಡುವಂತೆಯೇ ಇಲ್ಲ. ಇದೇನು ಹೊಸ ಕಾನೂನಲ್ಲ. ಸಾರ್ವಜನಿಕ ಜಾಗದಲ್ಲಿ ಸೇದುವುದನ್ನು ತಡೆಯಿರಿ ಅಂತ ಸುಪ್ರೀಂ ಕೋರ್ಟ್ 2001ರಲ್ಲೇ ಹೇಳಿತ್ತು. 2003ರಲ್ಲಿ ತಂಬಾಕು ಕಾಯ್ದೆ ಬಂತು, ಎಲ್ಲರೂ ಅದನ್ನು ಕೋಟ್ಪಾ ಅನ್ನುತ್ತಾರೆ. ವಿವರವಾದ ನಿಯಮಗಳು 2008ರ ಅಕ್ಟೋಬರ್ 2ರಿಂದ ಜಾರಿಯಲ್ಲಿವೆ. ಹೋಟೆಲು, ಬಾರು, ಪಬ್ಬು, ಪಾರ್ಟಿ ಹಾಲು ಎಲ್ಲವೂ ಅದರಲ್ಲಿ ಸೇರುತ್ತವೆ.

ಕಾನೂನು ಗೊತ್ತಿಲ್ಲದೆ ಏನಿರಲಿಲ್ಲ. ‘ಬಾರ್ ಅಂದಮೇಲೆ ಸೇದುತ್ತಾರೆ, ಅದಕ್ಕೇನು ಮಾಡೋಕಾಗುತ್ತೆ’ ಅನ್ನುವ ಮಾತು ಕಾನೂನಿಗಿಂತ ಹಳೆಯದು, ಅಷ್ಟೇ.

ಎರಡು ತೊಂದರೆ, ಒಂದೇ ಕಾರಣ

ಮಾಲೀಕರಿಗೆ ತಲೆನೋವಾಗಿದ್ದು ಮೇಲಿನ ಮಹಡಿ. ಫ್ಯಾಮಿಲಿ ಸೆಕ್ಷನ್‌ನಲ್ಲಿ ಸಿಗರೇಟು ವಾಸನೆ ಅಂತ ದೂರು ಬರುತ್ತಿತ್ತು. ಮ್ಯಾನೇಜರ್ ರೂಮ್ ಫ್ರೆಶ್ನರ್ ಹೊಡೆಸುತ್ತಿದ್ದರು. ಆಗ ಮಲ್ಲಿಗೆ ಹೂವಿನ ಜೊತೆ ಸಿಗರೇಟು ಸೇರಿದ ವಾಸನೆ ಬರುತ್ತಿತ್ತು, ಅದು ಇನ್ನೂ ಕೆಟ್ಟದ್ದು. ಒಂದು ಭಾನುವಾರ ಒಂದು ಕುಟುಂಬ ಆರ್ಡರ್ ಕೊಟ್ಟಮೇಲೆ ಎದ್ದು ಹೋಯಿತು. ಅವರ ಸೊಸೆ ಗರ್ಭಿಣಿ. ಅತ್ತೆಯವರು ಕೌಂಟರ್ ಹತ್ತಿರ ಬಂದು, ‘ಏನಪ್ಪಾ, ಹೊಗೆ ಕುಡಿಸೋಕೆ ದುಡ್ಡು ಬೇರೆ ತಗೊಳ್ತೀರಾ?’ ಅಂತ ಕೇಳಿ ಹೋದರಂತೆ.

ಇನ್ನೊಂದು ತೊಂದರೆ ಕೌಂಟರಿನದು. ಕ್ಯಾಷಿಯರ್ ಜನ್ಮದಲ್ಲಿ ಬೀಡಿ ಮುಟ್ಟಿದವರಲ್ಲ. ಆದರೂ ಉಬ್ಬಸ, ಜೇಬಿನಲ್ಲಿ ಇನ್ಹೇಲರ್. ರಾತ್ರಿ ಹೊತ್ತು ಕೆಮ್ಮು ಜಾಸ್ತಿಯಾಗಿ ಆಗಾಗ ರಜೆ ಹಾಕುತ್ತಿದ್ದರು. ಮಾಲೀಕರ ಲೆಕ್ಕದಲ್ಲಿ ಇದು ಕ್ಯಾಷಿಯರ್‌ನ ಮನೆ ತೊಂದರೆ. ಮೇಲಿನ ವಾಸನೆ ಹೋಟೆಲಿನ ತೊಂದರೆ. ಎರಡೂ ಒಂದೇ ಅಂತ ಯಾರಿಗೂ ಹೊಳೆದಿರಲಿಲ್ಲ. ಇದರಿಂದಲೇ ಮುಂದಿನ ಖರ್ಚೆಲ್ಲ ದಾರಿ ತಪ್ಪಿತು ಅಂತ ನನಗೆ ಅನಿಸುತ್ತದೆ. ಗಿರಾಕಿ ಒಂದು ಗಂಟೆ ಕೂತು ಹೋಗುತ್ತಾರೆ. ಕ್ಯಾಷಿಯರ್, ಸಪ್ಲೈಯರ್, ಕ್ಲೀನರ್ ಹುಡುಗರು ಬೆಳಿಗ್ಗೆ ಹನ್ನೊಂದಕ್ಕೆ ಒಳಗೆ ಬಂದರೆ ರಾತ್ರಿ ಶಟರ್ ಎಳೆಯುವ ತನಕ ಅದೇ ಗಾಳಿ. 2016-17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯಲ್ಲಿ, ಒಳಾಂಗಣದಲ್ಲಿ ಕೆಲಸ ಮಾಡುವ ಭಾರತೀಯರಲ್ಲಿ ಶೇ. 30ರಷ್ಟು ಜನ ಕೆಲಸದ ಜಾಗದಲ್ಲಿ ಬೇರೆಯವರ ಹೊಗೆ ಕುಡಿಯುತ್ತಿದ್ದಾರೆ ಅಂತ ಕಂಡುಬಂದಿತ್ತು. ಆ ಕ್ಯಾಷಿಯರ್ ಅವರಲ್ಲೊಬ್ಬರು.

ಮಿಷನ್‌ಗಳ ಸರದಿ

ಮೊದಲು ಮೇಲೆ ಇನ್ನೊಂದು ಸ್ಪ್ಲಿಟ್ ಎಸಿ ಬಂತು. ಏನೂ ಬದಲಾಗಲಿಲ್ಲ. ಸ್ಪ್ಲಿಟ್ ಎಸಿ ಹೊರಗಿನ ಗಾಳಿ ತರುವುದಿಲ್ಲ. ಕೋಣೆಯ ಗಾಳಿಯನ್ನೇ ಎಳೆದುಕೊಂಡು, ತಣ್ಣಗೆ ಮಾಡಿ, ವಾಪಸ್ ಬಿಡುತ್ತದೆ. ತಣ್ಣಗಾದ ಹೊಗೆಯೂ ಹೊಗೆಯೇ. ಎಸಿಗೋಸ್ಕರ ಕಿಟಕಿ ಬೇರೆ ಭದ್ರ ಮಾಡಿದ್ದರು.

ಆಮೇಲೆ ಊರಿನ ಎಲೆಕ್ಟ್ರಿಷಿಯನ್ ಹೇಳಿದರು ಅಂತ ಮೇಲಿನ ಗೋಡೆಗೆ ದೊಡ್ಡ ಎಕ್ಸಾಸ್ಟ್ ಫ್ಯಾನ್ ಹಾಕಿಸಿದರು. ವಾಸನೆ ಇರುವ ಕಡೆ ಎಕ್ಸಾಸ್ಟ್ ಹಾಕೋದು ಸರಿ ಅಂತ ಯಾರಿಗಾದರೂ ಅನಿಸುತ್ತೆ, ಅಲ್ವಾ? ಅದು ಬಂದಮೇಲೆ ದೂರು ದುಪ್ಪಟ್ಟಾಯಿತು.

ನಾನು ಹೋದಾಗ ಫ್ಯಾನ್ ಓಡುತ್ತಿತ್ತು. ಮೆಟ್ಟಿಲ ಬುಡದಲ್ಲಿ ಒಂದು ಊದುಬತ್ತಿ ಹಚ್ಚಿ ಹಿಡಿದೆ. ಹೊಗೆ ನೆಟ್ಟಗೆ ಮೆಟ್ಟಿಲು ಹತ್ತಿ ಮೇಲಕ್ಕೆ ಹೋಯಿತು. ಫ್ಯಾನ್ ನಿಲ್ಲಿಸಿದೆ. ಹೊಗೆ ಅಲ್ಲಲ್ಲೇ ಸುತ್ತಾಡಿತು, ಸ್ವಲ್ಪ ಮಾತ್ರ ಮೇಲೆ ಹೋಯಿತು. ಮಾಲೀಕರಿಗೆ ಬೇರೆ ವಿವರಣೆ ಬೇಕಾಗಲಿಲ್ಲ. ಫ್ಯಾನ್ ಎಷ್ಟು ಗಾಳಿ ಹೊರಗೆ ಹಾಕುತ್ತದೋ ಅಷ್ಟೇ ಗಾಳಿ ಎಲ್ಲಿಂದಾದರೂ ಒಳಗೆ ಬರಲೇಬೇಕು. ಕಿಟಕಿ ಮುಚ್ಚಿದೆ. ತೆರೆದಿರುವುದು ಮೆಟ್ಟಿಲೊಂದೇ. ಅಂದರೆ ಬಾರಿನ ಗಾಳಿಯನ್ನು ಎಳೆದು ಮಕ್ಕಳು ಕೂತ ಟೇಬಲ್ ಮೇಲೆ ಹಾಯಿಸಿ ಹೊರಗೆ ಹಾಕುವ ಏರ್ಪಾಟು ಅದು. ದುಡ್ಡು ಕೊಟ್ಟು ಮಾಡಿಸಿಕೊಂಡದ್ದು.

ಅಷ್ಟರಲ್ಲಿ ಮಾಲೀಕರ ಕೈಯಲ್ಲಿ ಏರ್ ಪ್ಯೂರಿಫೈಯರ್‌ನ ಕೊಟೇಶನ್ ಇತ್ತು. ನನ್ನ ಅಭಿಪ್ರಾಯ ಕೇಳಿದರು. ಪರಿಚಯದವರಿಂದ ಒಂದು ಪಿಎಂ 2.5 ಮೀಟರ್ ತಂದು ಕೌಂಟರ್ ಮೇಲೆ ಇಟ್ಟೆವು. ಪಿಎಂ 2.5 ಅಂದರೆ 2.5 ಮೈಕ್ರಾನ್‌ಗಿಂತ ಸಣ್ಣ ಕಣಗಳು. ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್. ತಂಬಾಕಿನ ಹೊಗೆಯ ಕಣಗಳು ಬಹುತೇಕ ಒಂದು ಮೈಕ್ರಾನ್‌ಗಿಂತಲೂ ಸಣ್ಣವು. ಮೂಗಿನಲ್ಲಿ ನಿಲ್ಲುವುದಿಲ್ಲ, ಶ್ವಾಸಕೋಶದ ತಳಕ್ಕೇ ಹೋಗುತ್ತವೆ. ನಮ್ಮ ದೇಶದಲ್ಲಿ ಹೊರಗಿನ ಗಾಳಿಗೆ ಇಟ್ಟಿರುವ ಮಿತಿ ದಿನದ ಸರಾಸರಿಯಲ್ಲಿ ಘನ ಮೀಟರಿಗೆ 60 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಕೌಂಟರಿನ ಮೀಟರು ಮಧ್ಯಾಹ್ನ ಎರಡಂಕಿಯಲ್ಲಿತ್ತು. ಸಂಜೆ ಬಾರ್ ತುಂಬಿದಮೇಲೆ ಮೂರಂಕಿಗೆ ಹೋಗಿ ಅಲ್ಲೇ ಕೂತಿತು. ಸಸ್ತಾ ಮೀಟರು, ಅದು ತೋರಿಸಿದ ಒಂದೊಂದು ಅಂಕಿಯನ್ನೂ ನಂಬಬೇಕಿಲ್ಲ. ಆದರೆ ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಅನ್ನುವುದನ್ನು ಸರಿಯಾಗೇ ತೋರಿಸುತ್ತದೆ.

ಆಗ ಬಿಲ್ಲಿನ ಹಿಂದೆ ಒಂದು ಲೆಕ್ಕ ಬರೆದು ತೋರಿಸಿದೆ. ಬಾರಿನ ಹಾಲು ಸುಮಾರು 30 ಅಡಿ ಉದ್ದ, 20 ಅಡಿ ಅಗಲ, 10 ಅಡಿ ಎತ್ತರ. ಅಂದರೆ 6000 ಘನ ಅಡಿ, ಸುಮಾರು 170 ಘನ ಮೀಟರ್. ಒಂದು ಸಿಗರೇಟಿನಿಂದ ಕೋಣೆಯ ಗಾಳಿಗೆ ಸೇರುವ ಸಣ್ಣ ಕಣ ಕಡಿಮೆ ಅಂದರೂ 10 ಮಿಲಿಗ್ರಾಂ, ಅಂದರೆ 10,000 ಮೈಕ್ರೋಗ್ರಾಂ. ಅದನ್ನು 170ರಿಂದ ಭಾಗಿಸಿದರೆ ಹತ್ತಿರ ಹತ್ತಿರ 60. ಬಾಗಿಲು ಮುಚ್ಚಿದ ಆ ಹಾಲಿನಲ್ಲಿ ಒಂದೇ ಒಂದು ಸಿಗರೇಟು ಸಾಕು, ದೇಶದ ಮಿತಿ ಮುಟ್ಟೋಕೆ. ಶನಿವಾರ ಸಂಜೆ ಅಲ್ಲಿ ಒಂದೇ ಹೊತ್ತಿಗೆ ಎಷ್ಟು ಸಿಗರೇಟು ಉರಿಯುತ್ತವೆ ಅಂತ ಅವರೇ ಎಣಿಸಿಕೊಳ್ಳಲಿ ಅಂತ ಬಿಟ್ಟೆ.

ಪ್ಯೂರಿಫೈಯರ್‌ನ ಒಳ್ಳೆ ಫಿಲ್ಟರು ಕಣ ಹಿಡಿಯುತ್ತದೆ, ಅದು ಸುಳ್ಳಲ್ಲ. ಆದರೆ ಕಾರ್ಬನ್ ಮೊನಾಕ್ಸೈಡಿನಂಥ ಅನಿಲ ಅದಕ್ಕೆ ಸಿಗುವುದಿಲ್ಲ. ಅದು ಒಂದು ಸಿಗರೇಟಿನ ಹೊಗೆ ಎಳೆದು ಮುಗಿಸುವಷ್ಟರಲ್ಲಿ ಪಕ್ಕದ ಟೇಬಲ್ಲಿನಲ್ಲಿ ಇನ್ನೆರಡು ಹಚ್ಚಿರುತ್ತಾರೆ. ತಂಬಾಕಿನ ಹೊಗೆಯಲ್ಲಿ 7000ಕ್ಕೂ ಹೆಚ್ಚು ರಾಸಾಯನಿಕಗಳಿವೆ. ಅವುಗಳಲ್ಲಿ ಸುಮಾರು 70 ಕ್ಯಾನ್ಸರ್ ತರುವಂಥವು. ಅಮೆರಿಕ ಸರ್ಕಾರದ ದೊಡ್ಡ ಆರೋಗ್ಯಾಧಿಕಾರಿ, ಸರ್ಜನ್ ಜನರಲ್, 2006ರ ವರದಿಯಲ್ಲಿ, ಇಷ್ಟು ಹೊಗೆ ಕುಡಿದರೆ ಅಪಾಯವಿಲ್ಲ ಅನ್ನುವಂಥ ಮಟ್ಟವೇ ಇಲ್ಲ ಅಂದಿದ್ದಾರೆ. ನಮ್ಮ ಕಸುಬಿನ ದೊಡ್ಡ ಸಂಸ್ಥೆ ಆಶ್ರೇ ಕೂಡ ಎಸಿ, ಗಾಳಿಯಾಟ, ಫಿಲ್ಟರ್ ಯಾವುದೂ ಈ ಅಪಾಯವನ್ನು ಪೂರ್ತಿ ತೆಗೆಯಲಾರದು, ಒಳಗೆ ಸೇದದಿರುವುದೊಂದೇ ದಾರಿ ಅನ್ನುತ್ತದೆ. ಮಿಷನ್ ಮಾರಿ ಬದುಕುವ ಎಂಜಿನಿಯರುಗಳೇ ಮಿಷನ್ ಸಾಲದು ಅಂದಮೇಲೆ ನಾನೇನು ಹೇಳಲಿ?

ಗಾಜಿನ ಕೋಣೆಯ ಆಸೆ

ಮಾಲೀಕರು ಬುದ್ಧಿವಂತರು. ಪ್ಯೂರಿಫೈಯರ್ ಕೈಬಿಟ್ಟರು, ತಕ್ಷಣ ಇನ್ನೊಂದು ಹಿಡಿದರು. ‘ಸಾರ್, ಮೂವತ್ತು ಸೀಟಿಗಿಂತ ಜಾಸ್ತಿ ಇದ್ದರೆ ಸ್ಮೋಕಿಂಗ್ ರೂಮ್ ಮಾಡಬಹುದಂತಲ್ಲ? ನಮ್ಮದು ಎಂಬತ್ತು ಸೀಟು.’

ಹೌದು, ಅದು ಕಾನೂನಿನಲ್ಲಿದೆ. 30 ಕೊಠಡಿಯ ಹೋಟೆಲು, 30 ಸೀಟಿನ ರೆಸ್ಟೋರೆಂಟು, ವಿಮಾನ ನಿಲ್ದಾಣ, ಈ ಮೂರಕ್ಕೆ ಅವಕಾಶ ಇದೆ. ಆದರೆ ಮೂಲೆಯ ನಾಲ್ಕು ಟೇಬಲ್ಲಿಗೆ ಬೋರ್ಡು ತೂಗುಹಾಕಿದರೆ ಅದು ಸ್ಮೋಕಿಂಗ್ ರೂಮ್ ಆಗುವುದಿಲ್ಲ. ನಾಲ್ಕು ಕಡೆಯೂ ಸೂರಿನ ತನಕ ಗೋಡೆ ಬೇಕು. ತಾನಾಗೇ ಮುಚ್ಚಿಕೊಳ್ಳುವ ಬಾಗಿಲು ಬೇಕು. ಒಳಗಿನ ಗಾಳಿ ನೇರ ಹೊರಗೆ ಹೋಗಬೇಕು, ಕಟ್ಟಡದ ಬೇರೆ ಗಾಳಿಗೆ ಸೇರಬಾರದು. ಬಾಗಿಲು ತೆರೆದಾಗ ಗಾಳಿ ಒಳಕ್ಕೇ ಹೋಗಬೇಕು, ಹೊರಕ್ಕೆ ಬರಬಾರದು. ಹೋಗಿಬರುವ ಮುಖ್ಯ ಬಾಗಿಲ ಹತ್ತಿರ ಇರಬಾರದು.

ನನ್ನ ಕೆಲಸಕ್ಕೆ ಇದು ಒಳ್ಳೆ ಆರ್ಡರು. ಡ್ರಾಯಿಂಗ್ ಕೂಡ ಹಾಕಿದೆ. ಗಾಜಿನ ಪಾರ್ಟಿಷನ್, ಮೇಲೆ ಬ್ಲೋವರ್, ಟೆರೇಸ್ ತನಕ ಡಕ್ಟು. ಮಾಲೀಕರು ಡ್ರಾಯಿಂಗ್ ಮೇಲೆ ಬೆರಳಿಟ್ಟು ಎಷ್ಟು ಟೇಬಲ್ ಹಿಡಿಯುತ್ತೆ ಅಂತ ಎಣಿಸತೊಡಗಿದರು. ಆಗ ಮುಖ್ಯವಾದ ಷರತ್ತು ಹೇಳಬೇಕಾಯಿತು. 2017ರ ತಿದ್ದುಪಡಿಯ ಪ್ರಕಾರ ಆ ಕೋಣೆಯೊಳಗೆ ಏನನ್ನೂ ಸಪ್ಲೈ ಮಾಡುವಂತಿಲ್ಲ. ಪೆಗ್ಗೂ ಇಲ್ಲ, ಸೈಡ್ಸೂ ಇಲ್ಲ, ನೀರೂ ಇಲ್ಲ. ಸೇದಬೇಕು, ಎದ್ದು ಬರಬೇಕು.

ಅವರು ಡ್ರಾಯಿಂಗ್ ಮಡಚಿ ಇಟ್ಟರು.

ಈ ಪ್ರಕರಣದಲ್ಲಿ ನನಗೆ ಬಹಳ ಮುಖ್ಯ ಅನಿಸಿದ ತಿರುವು ಇದು. ಗ್ಲಾಸು ಮುಂದಿಟ್ಟುಕೊಂಡು, ಬೆರಳ ಸಂದಿಯಲ್ಲಿ ಸಿಗರೇಟು ಹಿಡಿದು, ಗಿರಾಕಿ ಇನ್ನೊಂದು ಪೆಗ್ ಹೇಳಲಿ ಅನ್ನುವುದು ಮಾಲೀಕರ ಆಸೆ. ಅದಕ್ಕೆ ಯಾವ ಕೋಣೆಯಲ್ಲೂ ಅವಕಾಶವಿಲ್ಲ. ಕಾನೂನು ಕೊಡುವ ಕೋಣೆ ಒಂದು ರೂಪಾಯಿ ದುಡಿಯುವುದಿಲ್ಲ, ಜಾಗ ತಿನ್ನುತ್ತದೆ, ಕರೆಂಟು ತಿನ್ನುತ್ತದೆ. ಬಹಳ ಹೋಟೆಲಿನವರು ಈ ಒಂದು ಸಾಲು ಓದದೆ ಗಾಜು ಹಾಕಿಸುತ್ತಾರೆ. ಆಮೇಲೆ ಒಳಗೆ ಟೇಬಲ್ ಹಾಕುತ್ತಾರೆ. ಖರ್ಚೂ ಆಯಿತು, ತಪ್ಪೂ ಉಳಿಯಿತು. ಒಳಗೆ ತಟ್ಟೆ ಹೊತ್ತು ಹೋಗುವ ಹುಡುಗನಿಗಂತೂ ಮೊದಲಿಗಿಂತ ದಟ್ಟ ಹೊಗೆ.

ಅದೇ ವಾರ ಇನ್ನೊಂದು ಮಾತು ಬಂತು. ಹಳೇ ಗಿರಾಕಿ ಒಬ್ಬರು, ರೇಷ್ಮೆ ಬೆಳೆಯುವವರು, ಊಟ ಮಾಡುತ್ತಾ ನಮ್ಮ ಚರ್ಚೆ ಕೇಳಿಸಿಕೊಂಡರು. ಅವರೂ ಬೀಡಿ ಸೇದುವವರೇ. ‘ನೋಡಪ್ಪಾ, ಹುಳುಮನೆ ಹತ್ತಿರ ನಾನು ಬೀಡಿ ಹಚ್ಚಲ್ಲ. ಸೇದಿದ ಕೈ ತೊಳೀದೆ ಸೊಪ್ಪು ಮುಟ್ಟಲ್ಲ. ಹುಳು ಹಣ್ಣಾಗಿ ಗೂಡು ಕಟ್ಟೋ ಟೈಮಲ್ಲಿ ಯಾರಾದ್ರೂ ಸೇದ್ಕೊಂಡು ಬಂದ್ರೆ ಬಾಗಿಲಲ್ಲೇ ನಿಲ್ಲಿಸ್ತೀನಿ. ಅಂಥದ್ರಲ್ಲಿ ಇಲ್ಲಿ ಮನುಷ್ಯರ ಮಕ್ಕಳು ಕೂತವ್ರೆ.’

ಅವರು ಹೇಳಿದ್ದು ನಿಜ. ತಂಬಾಕಿನ ನಿಕೋಟಿನ್ ರೇಷ್ಮೆ ಹುಳುವಿಗೆ ವಿಷ. ತಂಬಾಕು ಹೊಲದ ಪಕ್ಕ ಬೆಳೆದ ಹಿಪ್ಪುನೇರಳೆ ಸೊಪ್ಪು ತಿಂದು ಹುಳು ಸಾಯುವುದುಂಟು. ಈ ಕಡೆಯ ಬೆಳೆಗಾರರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಮಾಲೀಕರ ತಂದೆಯೂ ಹುಳು ಸಾಕಿದವರೇ. ನನ್ನ ಮೀಟರಿಗಿಂತ ಆ ಮಾತು ಜಾಸ್ತಿ ಕೆಲಸ ಮಾಡಿತು. ಒಳಗೆ ಸೇದುವುದನ್ನೇ ನಿಲ್ಲಿಸೋಣ ಅಂತ ಅವರು ಆವತ್ತೇ ಹೇಳಿದರು.

ನಿಲ್ಲಿಸಿದ ಬಗೆ

ವ್ಯಾಪಾರ ಸ್ವಲ್ಪ ಕಡಿಮೆ ಇರುವ ಆಷಾಢದಲ್ಲಿ ಶುರು ಮಾಡಿದರು. ಮೊದಲು ಹುಡುಗರನ್ನು ಕೂರಿಸಿಕೊಂಡು ಮಾತಾಡಿದರು. ಸಪ್ಲೈಯರ್‌ಗಳಿಗೆ ಭಯ ಇತ್ತು. ಟಿಪ್ಸ್ ಕೊಡುವವರು ಕೆಳಗಿನ ಟೇಬಲ್ಲಿನವರೇ. ‘ಸೇದಬೇಡಿ’ ಅಂದರೆ ಟಿಪ್ಸ್ ಹೋಗುತ್ತೆ, ಕುಡಿದವರು ಕೈ ಎತ್ತಿದರೆ ಯಾರು ಗತಿ? ಅದಕ್ಕೆ ಒಂದು ತೀರ್ಮಾನ ಆಯಿತು. ಸಪ್ಲೈಯರ್ ಒಂದೇ ಸಲ ಹೇಳಬೇಕು: ‘ಅಣ್ಣಾ, ಒಳಗಡೆ ಬೇಡ.’ ಕೇಳದಿದ್ದರೆ ಸುಮ್ನೆ ಕೌಂಟರಿಗೆ ಬಂದು ತಿಳಿಸಬೇಕು. ಎರಡನೇ ಮಾತು ಮ್ಯಾನೇಜರದು, ಮೂರನೆಯದು ಮಾಲೀಕರದು. ವಾದ ಮಾಡುವ ಕೆಲಸ ಹುಡುಗರ ತಲೆಗೆ ಕಟ್ಟಲಿಲ್ಲ. ನಿಯಮವೂ ಹಾಗೇ ಇದೆ. ಸೇದಿದವರಿಗೆ ದಂಡ ಇದ್ದೇ ಇದೆ. ದೂರು ಬಂದಮೇಲೂ ಸುಮ್ಮನಿದ್ದರೆ ಮಾಲೀಕರೋ ಮ್ಯಾನೇಜರೋ ಹೊಣೆ, ಎಷ್ಟು ಜನ ಸೇದಿದರೋ ಅಷ್ಟು ದಂಡ.

ಆಷ್ ಟ್ರೇಗಳನ್ನು ಒಂದೇ ರಾತ್ರಿ ತೆಗೆದರು. ಇದು ಬೋರ್ಡಿಗಿಂತ ಜಾಸ್ತಿ ಕೆಲಸ ಮಾಡಿತು. ಟೇಬಲ್ ಮೇಲೆ ಆಷ್ ಟ್ರೇ ಇಲ್ಲದಿದ್ದರೆ ಬಹಳ ಜನ ಜೇಬಿಗೆ ಕೈ ಹಾಕುವ ಮೊದಲು ಅತ್ತಿತ್ತ ನೋಡುತ್ತಾರೆ. ಕೌಂಟರಿನ ಬಿಡಿ ಸಿಗರೇಟು, ಬೆಂಕಿಪೊಟ್ಟಣ ಎರಡೂ ಹೋದವು. ಬಾಗಿಲಲ್ಲಿ ಸರಿಯಾದ ಅಳತೆಯ ಬೋರ್ಡು ಬಂತು. ಕರ್ನಾಟಕದ ತಿದ್ದುಪಡಿ 2025ರಲ್ಲಿ ಜಾರಿಯಾಗಿ, ದಂಡ 200 ರೂಪಾಯಿಯಿಂದ 1000 ರೂಪಾಯಿಗೆ ಏರಿದ್ದೂ ಅವರಿಗೆ ಅನುಕೂಲವಾಯಿತು. ‘ನನಗೇನೂ ಇಲ್ಲ ಸಾರ್, ಸಾವಿರ ಫೈನ್ ಹಾಕ್ತಾರೆ’ ಅಂತ ಸರ್ಕಾರದ ಮೇಲೆ ಹಾಕಿ ಹೇಳೋದು ಸುಲಭ.

ಕಷ್ಟ ಆದದ್ದು ಊರಿನ ದೊಡ್ಡ ಮನುಷ್ಯರೊಬ್ಬರ ವಿಷಯದಲ್ಲಿ. ಮೂಲೆಯ ಟೇಬಲ್ ಅವರದೇ ಅನ್ನುವಷ್ಟು ಹಳೇ ಗಿರಾಕಿ. ಅವರು ಹಚ್ಚಿದರು. ಇಡೀ ಹಾಲು ಮಾಲೀಕರ ಮುಖ ನೋಡಿತು. ಮಾಲೀಕರು ಅವರ ಹತ್ತಿರ ಹೋಗಿ, ಏನೂ ಹೇಳದೆ ಮುಂದಿನ ಬಾಗಿಲ ತನಕ ಜೊತೆಗೆ ನಡೆದು, ಹೊರಗೆ ನಿಂತು ಅವರು ಸೇದಿ ಮುಗಿಸುವ ತನಕ ಮಾತಾಡಿ, ಒಳಗೆ ಕರೆತಂದರು. ಆ ರಾತ್ರಿ ಅವರಿಗೆ ವಿನಾಯಿತಿ ಕೊಟ್ಟಿದ್ದರೆ ಮರುದಿನ ಎಲ್ಲ ಟೇಬಲ್ಲಿಗೂ ಕೊಡಬೇಕಾಗುತ್ತಿತ್ತು.

ಆಮೇಲೆ ಕಂಡದ್ದು

ಹೊಗೆ ಬಾಗಿಲಿಗೆ ಹೋಯಿತು. ಸೇದುವವರಿಗೆ ಅಂತ ಮುಂದಿನ ಮೆಟ್ಟಿಲ ಹತ್ತಿರ ಮರಳು ತುಂಬಿದ ಬಕೆಟ್ ಇಟ್ಟಿದ್ದರು. ಮೇಲಿನ ಎಕ್ಸಾಸ್ಟ್ ಇನ್ನೂ ಓಡುತ್ತಲೇ ಇತ್ತು. ಅದು ಈಗ ಬಾಗಿಲ ಹೊಗೆಯನ್ನೇ ಒಳಗೆ ಎಳೆಯಿತು. ಜೊತೆಗೆ ನಿಯಮದಲ್ಲಿ ರೆಸ್ಟೋರೆಂಟ್ ಅಂದರೆ ಅದರ ಸುತ್ತಲಿನ ಖಾಲಿ ಜಾಗವೂ ಸೇರಿದೆ. ಕಾಂಪೌಂಡಿನ ಒಳಗೆ ನಿಂತು ಸೇದಿದರೂ ತಪ್ಪೇ. ಬಕೆಟ್ ತೆಗೆಸಿದರು. ಫ್ಯಾನನ್ನು ನಾವು ತಿರುಗಿಸಿ ಕೂರಿಸಿದೆವು. ಈಗ ಅದು ಹೊರಗಿನ ಗಾಳಿಯನ್ನು ಜಾಲರಿಯ ಮೂಲಕ ಫ್ಯಾಮಿಲಿ ಸೆಕ್ಷನ್‌ಗೆ ತರುತ್ತದೆ. ಗಾಳಿ ಮೇಲಿನಿಂದ ಮೆಟ್ಟಿಲಿಳಿದು ಕೆಳಗೆ ಹೋಗುತ್ತದೆ. ಎಸಿ ಕರೆಂಟು ಬಿಲ್ ಸ್ವಲ್ಪ ಜಾಸ್ತಿ ಬರುತ್ತದೆ, ಅದನ್ನು ಮೊದಲೇ ಹೇಳಿದ್ದೆ.

ಶನಿವಾರ ಸಂಜೆ ಮತ್ತೆ ಮೀಟರ್ ಇಟ್ಟೆವು. ಮೂರಂಕಿ ಇಲ್ಲ. ಆದರೆ ಏಳು ಗಂಟೆಗೆ ಇದ್ದಕ್ಕಿದ್ದಂತೆ ಏರಿತು. ಎಲ್ಲರೂ ಟೇಬಲ್ ಕೆಳಗೆ ಸಿಗರೇಟು ಹುಡುಕಿದರು. ಯಾರೂ ಸೇದುತ್ತಿರಲಿಲ್ಲ. ಕೌಂಟರಿನ ದೇವರ ಪಟಕ್ಕೆ ಸಾಂಬ್ರಾಣಿ ಹಾಕಿದ್ದರು! ‘ದೇವರ ಹೊಗೆಗೂ ಫೈನಾ ಸಾರ್?’ ಅಂತ ಮಾಲೀಕರು ನಕ್ಕರು. ಫೈನ್ ಇಲ್ಲ. ಆದರೆ ಮೀಟರಿಗೆ ಭಕ್ತಿ ಇಲ್ಲ, ಉಬ್ಬಸಕ್ಕೂ ಇಲ್ಲ. ಈಗ ಸಾಂಬ್ರಾಣಿ ಬಾಗಿಲು ತೆರೆಯುವ ಮೊದಲು, ಕಿಟಕಿ ತೆರೆದಿಟ್ಟು.

ಕ್ಯಾಷಿಯರ್‌ಗೆ ಉಬ್ಬಸ ವಾಸಿಯಾಗಿಲ್ಲ. ರಾತ್ರಿ ಇನ್ಹೇಲರ್ ತೆಗೆಯುವುದು ಕಡಿಮೆಯಾಗಿದೆ, ರಜೆ ಕಡಿಮೆಯಾಗಿದೆ ಅಂತ ಅವರೇ ಹೇಳುತ್ತಾರೆ. ಒಬ್ಬರ ಮಾತಿನಿಂದ ಏನೂ ಸಾಬೀತಾಗುವುದಿಲ್ಲ, ನಿಜ. ಆದರೆ ಇದು ವಿಚಿತ್ರವೂ ಅಲ್ಲ. ಕ್ಯಾಲಿಫೋರ್ನಿಯಾದಲ್ಲಿ 1998ರ ಜನವರಿಯಿಂದ ಬಾರುಗಳಲ್ಲಿ ಸೇದುವುದು ನಿಂತಿತು. ಆಗ ಸ್ಯಾನ್ ಫ್ರಾನ್ಸಿಸ್ಕೊದ 53 ಬಾರ್ ಕೆಲಸಗಾರರನ್ನು ನಿಷೇಧಕ್ಕೆ ಮೊದಲು ಮತ್ತು ಆಮೇಲೆ ಪರೀಕ್ಷೆ ಮಾಡಿದರು. ಕೆಮ್ಮು, ಉಬ್ಬಸದಂಥ ತೊಂದರೆ ಹೇಳಿದ್ದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಕೆಲವೇ ವಾರಗಳಲ್ಲಿ ಆ ತೊಂದರೆ ಹೋಗಿತ್ತು.

ವ್ಯಾಪಾರದ ಮಾತು ಎಲ್ಲರೂ ಕೇಳುತ್ತಾರೆ. ಒಂದೆರಡು ಗುಂಪು ಬೇರೆ ಬಾರಿಗೆ ಹೋದವು, ಅವರಲ್ಲಿ ಕೆಲವರು ವಾಪಸ್ ಬಂದರು. ಕೆಳಗೆ ಟೇಬಲ್ ಬೇಗ ಖಾಲಿಯಾಗುತ್ತದೆ, ಇನ್ನೊಬ್ಬರು ಕೂರುತ್ತಾರೆ. ಭಾನುವಾರ ಮೇಲೆ ಜನ ಜಾಸ್ತಿ ಅನ್ನುತ್ತಾರೆ ಮಾಲೀಕರು. ಧೂಮಪಾನ ನಿಲ್ಲಿಸಿದರೆ ಹೋಟೆಲುಗಳಿಗೆ ನಷ್ಟವಾಗುತ್ತಾ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2009ರಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ನೋಡಿ, ನಷ್ಟವಿಲ್ಲ ಅಂದಿತ್ತು.

ಬೇರೆ ಹೋಟೆಲಿನವರು ಇಲ್ಲಿಂದ ಎತ್ತಿಕೊಳ್ಳಬಹುದಾದದ್ದು ಮುಖ್ಯವಾಗಿ ಕ್ರಮ. ಇವರು ಮೊದಲು ಎಸಿ, ಆಮೇಲೆ ಫ್ಯಾನು, ಆಮೇಲೆ ಪ್ಯೂರಿಫೈಯರ್, ಆಮೇಲೆ ಕೋಣೆ, ಕೊನೆಗೆ ನಿಲ್ಲಿಸುವುದು ಅಂತ ಹೋದರು. ಸೇದುವುದು ನಿಂತಮೇಲೆ ಉಳಿದ ಗಾಳಿಯ ಕೆಲಸ ಸಣ್ಣದಾಗುತ್ತದೆ, ಸಸ್ತಾ ಆಗುತ್ತದೆ. ಉಲ್ಟಾ ಹೋದರೆ ಯಾವ ಖರ್ಚೂ ಕೊನೆಯದಲ್ಲ. ಇನ್ನೊಂದು, ಮೀಟರ್ ಇಡುವುದಾದರೆ ಗಿರಾಕಿಯ ಟೇಬಲ್ ಮೇಲೆ ಬೇಡ. ಅತಿ ಹೆಚ್ಚು ಹೊತ್ತು ಕೂರುವವರ ಪಕ್ಕ ಇಡಿ.

ಪಾರ್ಟಿ ಬುಕಿಂಗ್ ಇನ್ನೂ ತಕರಾರಿನದು. ಹಾಲು ಪೂರ್ತಿ ನಮ್ಮದೇ ಬಾಡಿಗೆ, ನಾವು ಸೇದಿದರೆ ನಿಮಗೇನು ಅಂತ ಕೇಳುವವರಿದ್ದಾರೆ. ಬುಕಿಂಗ್ ರಸೀದಿಯ ಮೇಲೆಯೇ ‘ಒಳಗೆ ಧೂಮಪಾನ ಇಲ್ಲ’ ಅಂತ ಅಚ್ಚು ಹಾಕಿಸಿ, ಅಡ್ವಾನ್ಸ್ ತೆಗೆದುಕೊಳ್ಳುವಾಗಲೇ ಓದಿ ಹೇಳುತ್ತಿದ್ದಾರೆ. ಇನ್ನು ಅಡುಗೆಮನೆ. ಒಗ್ಗರಣೆ, ತಂದೂರಿ ಹೊತ್ತಿಗೆ ಮೀಟರು ಈಗಲೂ ಏರುತ್ತದೆ, ಭಟ್ಟರು ಅದರ ಮಧ್ಯೆಯೇ ನಿಂತಿರುತ್ತಾರೆ. ಪ್ಯೂರಿಫೈಯರ್‌ಗೆ ಅಂತ ಎತ್ತಿಟ್ಟ ದುಡ್ಡಿನಲ್ಲಿ ಒಲೆಯ ಮೇಲೆ ಹುಡ್ ಮತ್ತು ಡಕ್ಟು ಹಾಕಿಸುವ ಮಾತು ನಡೆದಿದೆ. ಆ ಆರ್ಡರು ನನಗೇ ಬರುವ ಹಾಗಿದೆ.